ಹನ್ನೊಂದು ಕೋಶಗಳು

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ಮೊಬೈಲ್ ತೆಗೆದು ನೋಡುತ್ತ ಕೂರುವವಳು ನಾನು. ಓದಿದ್ದು ವಿಜ್ಞಾನ, ಹೊಟ್ಟೆಪಾಡೂ ಅದೇ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ವಿಕ್ರೋಳಿಯ ಒಂದು ಲ್ಯಾಬಿನಲ್ಲಿದ್ದೆ. ಹೃದಯದ ಆಪರೇಷನ್‌ನಲ್ಲಿ ಕತ್ತರಿಸಿ ತೆಗೆದ ಸ್ನಾಯುವಿನ ಚೂರುಗಳು, ರೋಗಿಗಳ ಒಪ್ಪಿಗೆಯ ಮೇಲೆ, ನಮ್ಮ ಫ್ರೀಜರಿಗೆ ಬರುತ್ತಿದ್ದವು. ನೋಡಲು ಒಂದೇ ಥರ ಇರುವ ಆ ಸ್ನಾಯುಕೋಶಗಳಲ್ಲಿ ನಿಜಕ್ಕೂ ಎಷ್ಟು ಬಗೆಗಳಿವೆ ಎಂದು ಒಂದೊಂದರ ಒಳಗಿನ ಜೀನುಗಳನ್ನೂ ಓದಿ ತಿಳಿಯುವುದು ನಮ್ಮ ಕೆಲಸ. ಓದಬೇಕೆಂದರೆ ಕೋಶವನ್ನು ಒಡೆಯಲೇಬೇಕು. ಓದಿದ ಮೇಲೆ ಅದು ಉಳಿಯುವುದಿಲ್ಲ. ಟ್ಯೂಬಿನ ಮೇಲೆ ನಂಬರ್ ಮತ್ತು ಗಂಡೋ ಹೆಣ್ಣೋ ಎಂಬುದು ಮಾತ್ರ ಇರುತ್ತದೆ, ಹೆಸರಿಲ್ಲ. ಯಾರದೆಂದು ಕೇಳುವಂತೆಯೂ ಇಲ್ಲ.

ಒಂದು ಸೋಮವಾರ ಮಧ್ಯಾಹ್ನ ಹೆಂಗಸೊಬ್ಬರ ಚೂರನ್ನು ಒಡೆದೆ. ಮುಂದಿನ ವಾರದ ಶನಿವಾರ ಫಲಿತಾಂಶ ಬಂತು. ಸಾವಿರಾರು ಕೋಶಗಳ ನಡುವೆ ಹನ್ನೊಂದರಲ್ಲಿ ಗಂಡಸರಿಗೆ ಮಾತ್ರ ಇರುವ ವೈ ಕ್ರೋಮೋಸೋಮಿನ ಗುರುತು! ಬೇರೆ ಸ್ಯಾಂಪಲ್ ಬೆರೆಸಿಬಿಟ್ಟೆನೆಂದು ನನ್ನನ್ನೇ ಬೈದುಕೊಂಡೆ. ಆದರೆ ಅಂದು ನಾನು ಮುಟ್ಟಿದ್ದು ಅದೊಂದನ್ನೇ. ಬಸಿರಿನಲ್ಲಿದ್ದ ಮಗುವಿನ ಕೆಲವು ಕೋಶಗಳು ತಾಯಿಯ ಹೃದಯದಲ್ಲಿ ವರ್ಷಗಟ್ಟಲೆ ಉಳಿಯುವುದುಂಟು ಎಂದು ಓದಿದ್ದೆ. ಅದೇ ಇರಬೇಕೆಂದುಕೊಂಡು ಕಂಪ್ಯೂಟರ್ ಮುಚ್ಚಿ ಮನೆಗೆ ಹೋದೆ.

ಮರುದಿನ ಬೊರಿವಲಿಯ ಚಿಕ್ಕಮ್ಮನನ್ನು ನೋಡಲು ಹೋದೆ. ಹೃದಯದ ಗೋಡೆ ದಪ್ಪವಾಗಿದೆಯೆಂದು ಎರಡು ತಿಂಗಳ ಹಿಂದೆ ಅವರಿಗೆ ಆಪರೇಷನ್ ಮಾಡಿ ಅದರ ಒಂದು ಚೂರನ್ನು ಕತ್ತರಿಸಿ ತೆಗೆದಿದ್ದರು. ಮಕ್ಕಳಿಲ್ಲ. ಪತ್ರೊಡೆ ತಟ್ಟೆ ಕೈಗಿಟ್ಟು, ಎದುರು ಕೂತು, ಪೀಠಿಕೆಯಿಲ್ಲದೆ ಹೇಳಿದರು:

“ಅವ ಈಗ ಇಲ್ಲ ಮಾರಾಯ್ತಿ.”

“ಯಾರು ಚಿಕ್ಕಮ್ಮ?”

“ನನ್ನ ಮಗ. ನೀನು ಹುಟ್ಟುವ ಮೊದಲು, ಎಂಟು ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿದ್ದ. ಇಷ್ಟು ವರ್ಷ ಇಲ್ಲಿ ಇದ್ದ.” ಎದೆ ಮುಟ್ಟಿಕೊಂಡರು. “ಆಪರೇಷನ್ ಆದ ಮೇಲೂ ಎಲ್ಲಿಯೋ ಇದ್ದಾನೆ ಅಂತ ಗೊತ್ತಾಗ್ತಿತ್ತು. ಆಚೆ ವಾರ ಸೋಮವಾರ ಮಧ್ಯಾಹ್ನ ಊಟ ಆಗಿ ಮಲಗಿದ್ದೆ ನೋಡು, ಆಗ ಹೋದ.”

ತಟ್ಟೆಯನ್ನು ಕೆಳಗಿಟ್ಟೆ. ಆ ಹನ್ನೊಂದು ಕೋಶಗಳ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಅವರಿಗೆ ಮಗುವೊಂದು ಹೋಗಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಈ ಊರಿನಲ್ಲಿ ಅಂಥ ಆಪರೇಷನ್ ಎಷ್ಟೋ ಹೆಂಗಸರಿಗೆ ಆಗುತ್ತದೆ, ಚೂರು ಅವರದೇ ಎನ್ನಲು ಆಧಾರವೇನು ಎಂದು ಮನಸ್ಸಿನಲ್ಲೇ ವಾದ ಹೂಡಿದೆ. ಸರಿ, ಅವರದೇ ಅನ್ನೋಣ. ನಾನು ಅದನ್ನು ಒಡೆದದ್ದು ಸೋಮವಾರವೆಂದು ಅವರಿಗೆ ಹೇಗೆ ತಿಳಿಯಿತು?

“ಅವನಿಗೆ ನೋವಾಗಿರಬಹುದಾ?” ಚಿಕ್ಕಮ್ಮ ಕೇಳಿದರು.

“ಇಲ್ಲ ಚಿಕ್ಕಮ್ಮ, ಏನೂ ಗೊತ್ತಾಗಿರುವುದಿಲ್ಲ.” ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿದರು. “ಆಗ ನೀನು ಅವನ ಹತ್ತಿರ ಇದ್ದಿಯಾ?”

ಹೌದೆಂದು ತಲೆಯಾಡಿಸಿದೆ. ಆ ‘ಹೌದು’ ನಿಜವೋ ಸುಳ್ಳೋ, ಇಂದಿಗೂ ನನಗೆ ಗೊತ್ತಿಲ್ಲ.