ಹಿಂಬಾಗಿಲ ಗಿರಾಕಿಗಳು

ನನ್ನ ಭಾವ ಮಾತಿನಲ್ಲಿ ಜಿಪುಣರು. ಅಕ್ಕನನ್ನು ಮೊದಲ ಸಲ ಕಂಡ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಎಡಗಾಲಿಗೆ ಚಪ್ಪಲಿ ಕಚ್ಚುತ್ತಾ?" ನಿಜವಾಗಿಯೂ ಕಚ್ಚುತ್ತಿತ್ತು. ಆ ಪ್ರಶ್ನೆಗೇ ಅಕ್ಕ ಮರುಳಾದಳು ಎಂದು ನಾನು ಇವತ್ತಿಗೂ ಛೇಡಿಸುತ್ತೇನೆ.

ಶೂ, ಚಪ್ಪಲಿ ಹೊಲಿಯುವುದು ಅವರ ಕಸುಬು. ಅಂಗಡಿ ಎಂದರೆ ಎರಡು ಕೋಣೆ. ಬೀದಿಯ ಕಡೆಯ ಕೋಣೆಯಲ್ಲಿ ಗಾಜಿನ ಕಪಾಟು, ಅದರೊಳಗೆ ಮಿರಿಮಿರಿ ಮಿಂಚುವ ಶೂಗಳು. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅಂಟಿನ ಡಬ್ಬ, ಚರ್ಮದ ಸುರುಳಿಗಳು, ಗೋಡೆಯುದ್ದಕ್ಕೂ ಪಾದದ ಆಕಾರಕ್ಕೆ ಕೆತ್ತಿದ ಮರದ ಅಚ್ಚುಗಳು. ಆ ಅಚ್ಚುಗಳಲ್ಲಿ ಒಂದಕ್ಕೊಂದು ಸರಿಜೋಡಿಯಿಲ್ಲ. ಎಡಗಾಲು ಎಂಟಾದರೆ ಬಲಗಾಲು ಆರು. ಒಂದರ ಹಿಮ್ಮಡಿ ಇನ್ನೊಂದಕ್ಕಿಂತ ಎರಡು ಬೆರಳು ಎತ್ತರ. ಅವುಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಆ ಕಾಲುಗಳವರು ಹಿಂದಿನ ಓಣಿಯಿಂದ ಬಂದು ಹಿಂಬಾಗಿಲು ತಟ್ಟುತ್ತಿದ್ದರು. ಹಾಗೆ ಬನ್ನಿ ಎಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ರೂಢಿಯಾಗಿತ್ತು. ಅವರ ಶೂಗಳನ್ನು ಭಾವ ಒಂದು ದಿನವೂ ಗಾಜಿನ ಕಪಾಟಿನಲ್ಲಿ ಇಟ್ಟವರಲ್ಲ, ಹಳೆ ಪೇಪರಿನಲ್ಲಿ ಸುತ್ತಿ ಕೈಗೆ ಕೊಡುತ್ತಿದ್ದರು.

ಅವರನ್ನೆಲ್ಲ ಕಳಿಸುತ್ತಿದ್ದುದು ಅದೇ ಬೀದಿಯ ಮೂಳೆ ಡಾಕ್ಟರು. ಅವರು ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚಿದರು. ಹೊಸಬರು ಹಿಂಬಾಗಿಲು ತಟ್ಟುವುದು ನಿಂತಿತು. ಮುಂಬಾಗಿಲಲ್ಲಂತೂ ಮೊದಲಿಂದಲೂ ನೊಣ ಹೊಡೆಯುವ ಕೆಲಸವೇ. ಅಷ್ಟರಲ್ಲಿ ದೊಡ್ಡ ಬೀದಿಯ ಶೂ ಅಂಗಡಿಯವರು ಭಾವನನ್ನು ಕೌಂಟರಿನ ಕೆಲಸಕ್ಕೆ ಕರೆದರು. ಬಾಕ್ಸ್ ತೆರೆದು ತೋರಿಸುವುದು, ಮುಚ್ಚಿ ಮೇಲಿಡುವುದು. ಎರಡು ತಿಂಗಳೊಳಗೆ ಉತ್ತರ ಹೇಳಬೇಕಿತ್ತು.

"ಹೋಗ್ರೀ, ವಾರಕ್ಕೊಂದು ದಿನ ರಜ ಆದ್ರೂ ಸಿಗುತ್ತೆ," ಎಂದಳು ಅಕ್ಕ.

ಭಾವ ಗೋಡೆಯ ಕಡೆ ನೋಡಿದರು. "ಇವನ್ನೇನು ಮಾಡೋದು?" ಎಂದರು, ಅಷ್ಟೇ.

ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಪುಟ ಜೋಡಿಸುವವಳು. ವೆಬ್‌ಸೈಟ್ ಮಾಡುವುದೂ ಅಲ್ಪಸ್ವಲ್ಪ ಗೊತ್ತು, ಗೊತ್ತಿರುವುದಕ್ಕಿಂತ ಹೆಚ್ಚು ಜಂಬ. "ಎರಡು ತಿಂಗಳು ತಡೀರಿ ಭಾವ, ಒಂದು ವೆಬ್‌ಸೈಟ್ ಮಾಡಿ ಜನರನ್ನ ಸಾಲು ನಿಲ್ಲಿಸ್ತೀನಿ," ಎಂದುಬಿಟ್ಟೆ.

ಗಾಜಿನ ಕಪಾಟಿನ ಶೂಗಳ ಫೋಟೊ ತೆಗೆದೆ. ದಿನಾ ಪ್ರೆಸ್ಸಿನಲ್ಲಿ ಅಚ್ಚಾಗುವ ಕರಪತ್ರಗಳ ಹಾಗೆ 'ಉತ್ತಮ ಗುಣಮಟ್ಟ, ನ್ಯಾಯವಾದ ಬೆಲೆ, ಒಮ್ಮೆ ಭೇಟಿ ಕೊಡಿ' ಎಂದು ಬರೆದೆ. ಗೊತ್ತಿದ್ದವರಿಗೆಲ್ಲ ಲಿಂಕ್ ಕಳಿಸಿದೆ.

ಮೂರು ವಾರವಾದ ಮೇಲೆ ಭಾವ ಕೇಳಿದರು, "ಎಷ್ಟು ಜನ ನೋಡಿದ್ರು?"

"ಇನ್ನೂರು ಸಲ ತೆರೆದಿದ್ದಾರೆ," ಎಂದೆ ಠೀವಿಯಿಂದ.

"ಅದ್ರಲ್ಲಿ ನಿಮ್ಮಕ್ಕ ಎಷ್ಟು ಸಲ?"

ಅಕ್ಕ ಸೆರಗಿನಲ್ಲಿ ಫೋನ್ ಮುಚ್ಚಿಕೊಂಡಳು. ಬಂದ ಒಂದೇ ಒಂದು ಕರೆಯೂ, ನಿಮ್ಮ ವೆಬ್‌ಸೈಟನ್ನು ಎಲ್ಲರಿಗಿಂತ ಮೇಲೆ ತರುತ್ತೇವೆ ಎನ್ನುವ ಕಂಪನಿಯದು. ನನ್ನ ಮುಖ ಪೆಚ್ಚಾಯಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಿಂದಿನ ಕೋಣೆಗೆ ನುಗ್ಗಿದೆ. ಮೇಜಿನ ಮೇಲೆ ರಿಪೇರಿಗೆ ಬಂದ ಒಂದು ಜೊತೆ ಶೂ ಇತ್ತು. ಬಲಗಾಲಿನದರ ಅಡಿಯನ್ನು ಎರಡು ಬೆರಳು ಎತ್ತರಿಸಿದ್ದರೂ ಮೇಲಿನಿಂದ ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟು ನಾಜೂಕು. ಅಂಥ ಶೂ ಯಾವ ಅಂಗಡಿಯಲ್ಲೂ ಇಲ್ಲ. ಫೋನ್ ತೆಗೆದು ಫೋಟೊ ಹೊಡೆಯಲು ಹೋದೆ.

ಹಿಂದೆಯೇ ಅಕ್ಕನೂ ಭಾವನೂ ಬಂದರು. ಭಾವ ಶೂ ಮೇಲೆ ಕೈ ಅಡ್ಡ ಇಟ್ಟರು. "ಬೇಡ."

"ಇದನ್ನ ಬಿಟ್ಟು ಲೋಕಕ್ಕೆ ಇನ್ನೇನು ತೋರಿಸ್ತೀರಿ? ನಿಮ್ಮ ಹಾಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಆ ಕೌಂಟರೇ ಗತಿ!"

"ಅದು ಅವರ ಕಾಲು. ನನ್ನ ಸರಕಲ್ಲ," ಎಂದರು ಭಾವ. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ಹಿಂಬಾಗಿಲು ತಟ್ಟಿದ ಸದ್ದಾಯಿತು. ಶೂ ಒಯ್ಯಲು ಬಂದಿದ್ದವರು ಅದರ ಒಡತಿ, ನಿವೃತ್ತ ಟೀಚರಮ್ಮ. ಬಾಗಿಲು ತೆಳು, ನನ್ನ ಗಂಟಲು ದೊಡ್ಡದು, ಎಲ್ಲ ಕೇಳಿಸಿಕೊಂಡಿದ್ದರು.

"ನಂದು ತೆಗಿಯಮ್ಮ ಫೋಟೊ," ಎಂದು ಸ್ಟೂಲಿನ ಮೇಲೆ ಕೂತರು. "ನಾನು ಹಾಕ್ಕೊಂಡಿರುವಾಗ್ಲೇ ತೆಗಿ. ಮುಖ ಬೇಡ, ಕಾಲು ಸಾಕು."

"ಬೇಡ ಬಿಡಿ ಟೀಚರ್," ಎಂದರು ಭಾವ.

"ಯಾಕೆ ಬೇಡ? ನಾನು ನಿಮ್ಮನ್ನ ಹುಡುಕೋಕೆ ಎಷ್ಟು ವರ್ಷ ಹಿಡೀತು ಗೊತ್ತಾ? ಮೂವತ್ತು. ಮೂವತ್ತು ವರ್ಷ ಬೋರ್ಡಿನ ಮುಂದೆ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತೆ, ನೀವು ನಾಲ್ಕು ಬೀದಿ ಆಚೆ ಇದ್ರಿ. ಇಂಥವರೊಬ್ಬರು ಇದ್ದಾರೆ ಅಂತ ಗೊತ್ತಾಗೋದು ಹೇಗೆ? ಡಾಕ್ಟರು ಹೇಳಿದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಭಾವ ಅಂಟಿನ ಡಬ್ಬದ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಆಮೇಲೆ ತಾವೇ ಬಗ್ಗಿ ಟೀಚರಮ್ಮನ ಶೂ ಲೇಸು ಕಟ್ಟಿದರು.

ನಾನು ಫೋಟೊ ಹೊಡೆದು 'ವೈದ್ಯಕೀಯ ಪಾದರಕ್ಷೆಗಳು' ಎಂದು ತಲೆಬರಹ ಹಾಕಿದೆ. ಟೀಚರಮ್ಮ ಫೋನ್ ಇಸಿದುಕೊಂಡು ನೋಡಿ ತಪ್ಪು ತಿದ್ದುವ ಹಾಗೆ ಮುಖ ಗಂಟು ಹಾಕಿದರು. "ಇದನ್ನ ಯಾರು ಹುಡುಕ್ತಾರೆ? ನಾನಾದ್ರೆ 'ಒಂದು ಕಾಲು ಗಿಡ್ಡ, ಯಾವ ಶೂ ಹಾಕೋದು' ಅಂತ ಟೈಪ್ ಮಾಡ್ತಿದ್ದೆ." ಆ ಮಾತನ್ನೇ ಬರೆದೆ. ಅವತ್ತು ಕಲಿತಷ್ಟನ್ನು ನಾನು ಪ್ರೆಸ್ಸಿನ ಹತ್ತು ವರ್ಷದಲ್ಲಿ ಕಲಿತಿರಲಿಲ್ಲ. ಉಳಿದ ಸಾಲುಗಳನ್ನು ಭಾವ ಹೇಳಿದರು, ನಾನು ಒಂದಕ್ಷರ ಬದಲಿಸಲಿಲ್ಲ: 'ಎರಡು ಪಾದ ಎರಡು ಅಳತೆ ಇದ್ದವರಿಗೆ ಶೂ ಮಾಡಿಕೊಡುತ್ತೇನೆ. ಅಳತೆ ಕೊಡಲು ಒಂದು ಗಂಟೆ ಬೇಕು. ಹಿಂದಿನ ಓಣಿಯಲ್ಲೂ ಬಾಗಿಲಿದೆ.'

ಮ್ಯಾಪಿನಲ್ಲಿ ಎರಡೂ ಬಾಗಿಲು ಗುರುತು ಮಾಡಿದೆ. ಫೋನ್ ನಂಬರನ್ನು ಕಣ್ಣಿಗೆ ಹೊಡೆಯುವ ಹಾಗೆ ಮೇಲಕ್ಕೆ ತಂದೆ. ಮೂಳೆ ಡಾಕ್ಟರುಗಳಿಗೆ, ಕಾಲಿಗೆ ವ್ಯಾಯಾಮ ಹೇಳಿಕೊಡುವವರಿಗೆ ಒಬ್ಬೊಬ್ಬರಿಗೇ ಪತ್ರ ಬರೆದು ಲಿಂಕ್ ಕಳಿಸಿದೆ. ಹತ್ತು ದಿನ ಏನೂ ಇಲ್ಲ. ಆಮೇಲೆ ಒಂದು ಕರೆ, ಮಾತಾಡದೆ ಇಟ್ಟುಬಿಟ್ಟರು. ಮರುದಿನ ಅದೇ ನಂಬರು, ಒಬ್ಬ ಹೆಂಗಸು, ಹಿಂಬಾಗಿಲು ಎಷ್ಟು ಗಂಟೆಯವರೆಗೆ ತೆಗೆದಿರುತ್ತದೆ ಎಂದು ಕೇಳಿದರು. ಆ ವಾರ ಇನ್ನೂ ಮೂವರು ಕರೆ ಮಾಡಿದರು. ಗಡುವಿಗೆ ಐದು ದಿನ ಉಳಿದಿತ್ತು, ಭಾವ ಮಾತ್ರ ದೊಡ್ಡ ಅಂಗಡಿಗೆ ಇನ್ನೂ ಉತ್ತರ ಹೇಳಿರಲಿಲ್ಲ.

ಅವತ್ತು ಬೆಳಗ್ಗೆ ಒಬ್ಬರು ಸೂಟ್‌ಕೇಸ್ ಹಿಡಿದು ಮುಂಬಾಗಿಲಿಂದಲೇ ಬಂದರು. ರಾತ್ರಿಯಿಡೀ ರೈಲಿನಲ್ಲಿ ಬಂದಿದ್ದರಂತೆ. ಸೂಟ್‌ಕೇಸ್ ತೆರೆದರೆ ಒಳಗೆ ಬರೀ ಎಡಗಾಲಿನ ಶೂಗಳು, ಹನ್ನೊಂದು, ಒಂದೂ ಮೆಟ್ಟಿದ್ದಲ್ಲ.

"ಯಾವ ಜೊತೆ ತಗೊಂಡ್ರೂ ಎಡಗಾಲಿಂದು ಸರಿಯಾಗುತ್ತೆ, ಬಲಗಾಲಿಂದು ಆಗಲ್ಲ, ಅದನ್ನ ಬಿಸಾಕ್ತೀನಿ," ಎಂದರು ಆತ. "ಇವನ್ನ ಬಿಸಾಕೋಕೆ ಮನಸ್ಸು ಬರಲ್ಲ. ಇವಕ್ಕೆ ಬಲಗಾಲು ಮಾಡಿಕೊಡ್ತೀರಾ?"

ಭಾವ ನೆಲದ ಮೇಲೆ ಕಾಗದ ಹಾಸಿದರು. ಆತ ಸಾಕ್ಸ್ ಬಿಚ್ಚುವಾಗ, ಬೀದಿಯಲ್ಲಿ ಹೋಗುವವರಿಗೆ ಕಾಣುತ್ತದೆಂದು ಪರದೆ ಎಳೆಯಲು ಎದ್ದರು.

"ಇರ್ಲಿ ಬಿಡಿ, ಗಾಳಿ ಬರ್ತಿದೆ," ಎಂದರು ಆತ.

ಭಾವ ಪರದೆ ಬಿಟ್ಟು ಮತ್ತೆ ಕೂತರು. ಪಾದದ ಸುತ್ತ ಪೆನ್ಸಿಲ್ ಎಳೆಯುತ್ತಾ, ತಲೆ ಎತ್ತದೆ, ಅಕ್ಕನಿಗೆ ಹೇಳಿದರು: "ಆ ದೊಡ್ಡ ಅಂಗಡಿಯವರಿಗೆ ಬರಲ್ಲ ಅಂತ ಫೋನ್ ಮಾಡ್ಬೇಕು. ನಂಬರ್ ಎಲ್ಲಿದೆ?"

"ನಾನಾಗ್ಲೇ ಹೇಳಾಯ್ತು," ಎಂದಳು ಅಕ್ಕ.

ಭಾವನ ಪೆನ್ಸಿಲ್ ನಿಂತಿತು. "ಯಾವಾಗ?"

"ಟೀಚರಮ್ಮನ ಕಾಲಿಗೆ ನೀವು ಲೇಸು ಕಟ್ಟಿದ್ರಲ್ಲ, ಅವತ್ತೇ."