ಸನ್ಮಾನ್ಯರ ಮೂರು ನಿಮಿಷ

ಊರಿಗೆಲ್ಲ ಅವರು ‘ಸನ್ಮಾನ್ಯ’. ದಿನಕ್ಕೆ ನೂರು ಸಲ ಆ ಪದ ಅವರ ಬಾಯಿಂದ ಉದುರುತ್ತಿದ್ದುದರಿಂದ ಜನ ಅದನ್ನೇ ಅವರಿಗೆ ಅಂಟಿಸಿದ್ದರು.

ಮೊದಲು ಅವರದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಸಭೆಗೆ ಮುಂಚೆ ಬರೀ ‘ಹಲೋ, ಹಲೋ’ ಎನ್ನಲು ಬೇಸರವಾಗಿ, ವೇದಿಕೆಯ ಕುರ್ಚಿಗಳಿಗೆ ಅಂಟಿಸಿದ ಹೆಸರುಗಳನ್ನು ಓದಿ ಮೈಕ್ ಪರೀಕ್ಷಿಸುತ್ತಿದ್ದರು. ಒಂದು ದಿನ ಸಣ್ಣ ಪಕ್ಷವೊಂದರ ಸಭೆಯಲ್ಲಿ ಸ್ವಾಗತ ಭಾಷಣದವನು ಕೈಕೊಟ್ಟ. ಮೈಕಿನವರೇ ಎದ್ದು ನಿಂತು ಹದಿನೇಳು ಗಣ್ಯರ ಹೆಸರು, ಬಿರುದು, ಹಾಲಿ, ಮಾಜಿ ಸಮೇತ ಚೀಟಿ ನೋಡದೆ ಒಪ್ಪಿಸಿಬಿಟ್ಟರು. ಹದಿನೇಳು ಮುಖಗಳೂ ಅರಳಿದವು. ವರ್ಷ ತುಂಬುವುದರೊಳಗೆ ಅವರು ಆ ಪಕ್ಷದ ಕಾರ್ಯದರ್ಶಿ. ದೇಶ ಕಟ್ಟುವವರು ಸಿಗದಿದ್ದರೂ ನಡೆಯುತ್ತದೆ, ಹೆಸರು ಬಿಡದೆ ಹೇಳುವವರು ಸಿಗದಿದ್ದರೆ ಪಕ್ಷ ನಡೆಯುವುದಿಲ್ಲ.

ಅದು ಎಷ್ಟು ನಿಜವೆಂದು ಒಮ್ಮೆ ಗೊತ್ತಾಯಿತು. ಕಂಬದ ಮರೆಯಲ್ಲಿ ಕೂತಿದ್ದ ಉಪಾಧ್ಯಕ್ಷರೊಬ್ಬರ ಹೆಸರು ಬಿಟ್ಟುಹೋಯಿತು. ಆ ಪುಣ್ಯಾತ್ಮ ಅರ್ಧ ಪಕ್ಷವನ್ನೂ ಇದ್ದ ಒಂದೇ ಜೀಪನ್ನೂ ಕಟ್ಟಿಕೊಂಡು ಹೊರಟುಹೋದ. ಉಳಿದವರು ಹನ್ನೊಂದು ಜನ, ಅವರಲ್ಲಿ ಏಳು ಉಪಾಧ್ಯಕ್ಷರು. ಇದ್ದ ಅಧ್ಯಕ್ಷರೂ ಆ ಜೀಪಿನಲ್ಲೇ ಹೋಗಿದ್ದರಿಂದ ಸನ್ಮಾನ್ಯರು ಅಧ್ಯಕ್ಷರಾದರು. ಅಂದಿನಿಂದ ಯಾವ ಸಭೆಗೆ ಹೋದರೂ ಮೊದಲು ಕಂಬಗಳ ಹಿಂದೆ ಇಣುಕುತ್ತಿದ್ದರು.

ಮೂರು ಸಲ ಚುನಾವಣೆಯಲ್ಲಿ ಮಣ್ಣು ಮುಕ್ಕಿದರು. ನಾಲ್ಕನೆಯ ಸಲ ದೊಡ್ಡ ಪಕ್ಷಗಳೆರಡು ಕಚ್ಚಾಡಿಕೊಂಡವು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಎಂಬಂತೆ ಇವರು ಶಾಸಕರಾದರು. ಸದನದಲ್ಲಿ ಇವರ ಪಕ್ಷಕ್ಕೆ ಇವರೊಬ್ಬರೇ ದಿಕ್ಕು.

ಆ ಹೊತ್ತಿಗೆ ಊರಿನ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ, ಮೂವತ್ತು ಮೈಲಿ ದೂರದ ದೊಡ್ಡಾಸ್ಪತ್ರೆಗೆ ಸೇರಿಸಲು ಆದೇಶ ತಯಾರಾಗಿತ್ತು. ಇವರ ತಂಗಿ ಅಲ್ಲಿ ಹಿರಿಯ ನರ್ಸ್. ಆರೋಗ್ಯ ಮಂತ್ರಿಯನ್ನು ಆಕೆಯೇ ಕಂಡು ಬಂದಿದ್ದಳು.

“ಸದನದಲ್ಲಿ ಒಬ್ಬರಾದ್ರೂ ಕೇಳಲಿ, ತಡೆ ಹಿಡೀತೀನಿ. ಯಾರೂ ಕೇಳದೆ ಹೇಗಮ್ಮ ನಿಲ್ಲಿಸ್ಲಿ?” ಎಂದಿದ್ದರು ಮಂತ್ರಿ.

ಅಧಿವೇಶನದ ಕೊನೆಯ ದಿನ ಸನ್ಮಾನ್ಯರಿಗೆ ಮಾತಾಡಲು ಮೂರು ನಿಮಿಷ ಸಿಕ್ಕಿತು. ತಂಗಿ ಒಂದು ಚೀಟಿ ಬರೆದುಕೊಟ್ಟಳು: ಹನ್ನೆರಡು ಹಾಸಿಗೆ, ವರ್ಷಕ್ಕೆ ಎಂಟುನೂರು ಹೆರಿಗೆ, ಮುಚ್ಚಬೇಡಿ. ನಾಡಿ ನೋಡುವ ಗಡಿಯಾರ ಹಿಡಿದು ಅಣ್ಣನಿಂದ ಓದಿಸಿದಳು.

“ಹದಿನೆಂಟು ಸೆಕೆಂಡು ಅಷ್ಟೇ ಅಣ್ಣ. ಮೊದಲು ಇದನ್ನ ಹೇಳ್ಬಿಡು. ಮಿಕ್ಕಿದ್ದೆಲ್ಲ ನಿನ್ನ ಸನ್ಮಾನ್ಯರಿಗೇ ಇಟ್ಕೋ. ಬಸ್ಸಲ್ಲಿ ಹೆರಿಗೆ ಆಗಿದ್ದನ್ನ ಎರಡು ಸಲ ನೋಡಿದೀನಿ, ಇನ್ನೊಂದು ನನ್ನ ಕೈಲಿ ನೋಡಕ್ಕಾಗಲ್ಲ.”

“ಆಯ್ತಮ್ಮ, ಮೊದಲು ಅದೇ,” ಎಂದರು. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಸದನದಲ್ಲಿ ಆರೋಗ್ಯ ಮಂತ್ರಿ ಪೆನ್ನಿನ ಮುಚ್ಚಳ ತೆಗೆದು ಕಾದರು. ಸನ್ಮಾನ್ಯರು ಎದ್ದು “ಸನ್ಮಾನ್ಯ ಸಭಾಧ್ಯಕ್ಷರೇ” ಎಂದರು. ಸದನದಲ್ಲಿ ಅಷ್ಟು ಸಾಕು, ನಿಯಮವೂ ಅಷ್ಟೇ. ಆದರೆ ಕಣ್ಣು ಮುಖ್ಯಮಂತ್ರಿಗಳ ಮೇಲೆ ಬಿತ್ತು. ಅವರನ್ನು ಬಿಡುವುದುಂಟೇ? ಅವರಾದ ಮೇಲೆ ಮಂತ್ರಿಗಳು, ಹಿರಿತನದ ಪ್ರಕಾರ. ಆಡಳಿತದವರನ್ನು ಹೇಳಿ ವಿರೋಧ ಪಕ್ಷದವರನ್ನು ಬಿಟ್ಟರೆ ನಾಳೆ ಊರಲ್ಲಿ ತಲೆಯೆತ್ತುವಂತಿಲ್ಲ. ಹಾಳಾದ್ದು, ಅಲ್ಲಿಯೂ ಕಂಬಗಳಿದ್ದವು. ಬಗ್ಗಿ ನೋಡಿದರೆ ಒಂದರ ಹಿಂದೆ ಮಾಜಿ ಮಂತ್ರಿಯೊಬ್ಬರು ತೂಕಡಿಸುತ್ತಿದ್ದರು. ಅವರನ್ನೂ ಬಿರುದು ಸಮೇತ ಎಬ್ಬಿಸಿದರು. ಮೂಗಿಗಿಂತ ಮೂಗುತಿ ಭಾರವಾಗುತ್ತಿದೆಯೆಂದು ಒಬ್ಬರಾದರೂ ತಡೆಯಬಾರದೇ? ತಡೆಯಲಿಲ್ಲ. ಪ್ರತಿಯೊಬ್ಬರೂ ತಮ್ಮ ಹೆಸರು ಬರಲೆಂದು ಕಾಯುತ್ತಿದ್ದರು, ಬಂದಾಗ ಮೇಜು ಕುಟ್ಟುತ್ತಿದ್ದರು. ಎಚ್ಚರಿಕೆಯ ಗಂಟೆ ಆ ಸದ್ದಿನಲ್ಲಿ ಮುಳುಗಿಹೋಯಿತು.

“ಇಂಥ ಮಹನೀಯರ ಸಮ್ಮುಖದಲ್ಲಿ ನಾನು ಪ್ರಸ್ತಾಪಿಸಬಯಸುವ ವಿಷಯವೇನೆಂದರೆ...”

ಮೂರು ನಿಮಿಷ ಮುಗಿದು ಮೈಕ್ ಸತ್ತಿತು. ಇಪ್ಪತ್ತು ವರ್ಷ ಮೈಕ್ ಕಟ್ಟಿದ ಕೈ ಅದನ್ನು ಒಮ್ಮೆ ತಟ್ಟಿ ನೋಡಿತು. ಮಂತ್ರಿ ಪೆನ್ನಿಗೆ ಮುಚ್ಚಳ ಹಾಕಿದರು.

ಹೊರಗೆ ಮೊಗಸಾಲೆಯಲ್ಲಿ ಆಡಳಿತ, ವಿರೋಧ ಎನ್ನದೆ ಎಲ್ಲರೂ ಬಂದು ಬೆನ್ನು ತಟ್ಟಿದರು. ಸನ್ಮಾನ್ಯರ ಮುಖ ಬೆಳಗುತ್ತಿತ್ತು. ಪ್ರೇಕ್ಷಕರ ಗ್ಯಾಲರಿಯಿಂದ ತಂಗಿ ಮೆಟ್ಟಿಲಿಳಿದು ಬಂದಳು.

“ನೋಡಿದ್ಯಾ? ಇಷ್ಟು ಜನರಲ್ಲಿ ಯಾರನ್ನಾದ್ರೂ ಬಿಟ್ಟೆನಾ, ಹೇಳು,” ಎಂದರು.

“ಹೆರಿಗೆಗೆ ಬರೋರನ್ನ ಬಿಟ್ಟೆ ಅಣ್ಣ,” ಎಂದಳು.