ಅತ್ತೆ ಕಲಿಸಿದ ಗಂಟು

ಶಕುನ, ಸೂಚನೆ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ಮಗ್ಗದ ಮೇಲೆ ದಿನಕ್ಕೆ ಎಷ್ಟೋ ಎಳೆ ಕಡಿಯುತ್ತವೆ, ಪ್ರತಿಯೊಂದಕ್ಕೂ ಶಕುನ ನೋಡುತ್ತ ಕೂತರೆ ಸೀರೆ ಮುಗಿಯುವುದು ಯಾವ ಕಾಲಕ್ಕೆ? ಈಗಲೂ ನಗಬೇಕೆಂದೇ ಇದೆ. ಆಗುತ್ತಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಎರಡು ಪವರ್‌ಲೂಮ್‌ಗಳ ಮನೆ. ಬಿಡುವಾದಾಗ ನಾನು ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳಿಗೆ ಬಣ್ಣ ಹಚ್ಚುತ್ತೇನೆ. ಬೆಂಗಳೂರಿನ ಬೋರ್ಡ್‌ಗೇಮ್ ಹುಚ್ಚಿನವರು ಕೊಡುವ ಗ್ರೀಕ್ ಪುರಾಣದ ದೇವರುಗಳು, ರಾಕ್ಷಸರು. ಎರಡು ವರ್ಷದ ಹಿಂದೆ ಬಂದದ್ದು ವಿಧಿದೇವತೆಯರಾದ ಮೂವರು ಹೆಂಗಸರು. ಮನುಷ್ಯರ ಆಯುಷ್ಯದ ನೂಲು ಇವರ ಕೈಯಲ್ಲಿದೆಯಂತೆ. ಒಬ್ಬಳು ನೂಲುತ್ತಾಳೆ, ಒಬ್ಬಳು ಅಳೆಯುತ್ತಾಳೆ, ಮೂರನೆಯವಳು ಕತ್ತರಿ ಹಿಡಿದಿದ್ದಾಳೆ. ನೇಕಾರನಿಗೆ ಇನ್ನೇನು ಬೇಕು? ನಮ್ಮ ಮಗ್ಗದ ರೇಷ್ಮೆ ಎಳೆಯನ್ನೇ ಮೂವರ ಕೈಗೂ ದಾಟಿಸಿದೆ.

ಆಗ ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಆಸ್ಪತ್ರೆಯಲ್ಲಿದ್ದರು, ಜೊತೆಗೆ ನನ್ನ ತಮ್ಮ ಇದ್ದ. ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತವು. ಸುಮ್ಮನಿದ್ದರೆ ಯೋಚನೆ ಹತ್ತುತ್ತದೆಂದು ಕುಂಚ ಹಿಡಿದೆ. ಮೂರನೆಯವಳ ತುಟಿಗೆ ಬಣ್ಣ ಇಡುತ್ತಿದ್ದಾಗ ಎಳೆ ಕಡಿಯಿತು. ಕುಂಚ ಅದಕ್ಕೆ ತಾಗಿರಲಿಲ್ಲ. ಬೇರೆಯವರಾಗಿದ್ದರೆ ಹೊಸ ಎಳೆ ಹಾಕುತ್ತಿದ್ದರು. ನೇಕಾರನ ಕೈ ಕೇಳಬೇಕಲ್ಲ! ಕಡಿದ ತುದಿಗಳನ್ನು ಕಂಡೊಡನೆ ಬೆರಳುಗಳು ಗಂಟು ಹಾಕಿಬಿಟ್ಟವು. ಆ ಗಂಟು ಕಲಿಸಿದವರು ಅತ್ತೆಯೇ. ಗಡಿಯಾರದಲ್ಲಿ ಮೂರೂ ಹತ್ತಾಗಿತ್ತು.

ಸ್ವಲ್ಪ ಹೊತ್ತಿಗೆ ತಮ್ಮನ ಫೋನು.

“ಅತ್ತೆ ಉಸಿರು ನಿಂತೋಗಿತ್ತು ಕಣಣ್ಣಾ. ಡಾಕ್ಟ್ರೂ ಕೈಬಿಟ್ಟಿದ್ರು. ಮೂರೂ ಹತ್ತಕ್ಕೆ ತಿರ್ಗಾ ಬಂದ್ಬಿಡ್ತು!”

ಇಷ್ಟೇ ಆಗಿದ್ದರೆ ಕಾಕತಾಳೀಯ ಎಂದು ಮರೆಯುತ್ತಿದ್ದೆ. ಸಂಜೆ ನಾನು ಹೋದಾಗ ಅತ್ತೆ ಕಣ್ಣು ಬಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, “ಗಂಟು ಬಿಗಿಯಾಗ್ ಹಾಕ್ಬಿಟ್ಟಿದ್ದೀಯ ಕಣೋ, ನೋಯ್ತೈತೆ” ಎಂದರು. ಗೊಂಬೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಗೊಂಬೆಗಳನ್ನು ನಾನು ವಾಪಸ್ ಕೊಡಲಿಲ್ಲ. ಬಿದ್ದು ಒಡೆದವೆಂದು ಸುಳ್ಳು ಹೇಳಿದೆ. ಗಾಳಿ ತಾಗದಂತೆ ಗಾಜಿನ ಬೀರುವಿನಲ್ಲಿಟ್ಟು, ದಿನಾ ಬೆಳಿಗ್ಗೆ ಮೊದಲು ಆ ಎಳೆಯನ್ನೇ ನೋಡುತ್ತೇನೆ. ಅತ್ತೆ ಮನೆಗೆ ಬಂದರು, ಆದರೆ ಹಾಸಿಗೆ ಬಿಟ್ಟು ಎದ್ದಿಲ್ಲ. ನೋವು ಹೆಚ್ಚಾದಾಗ ಕರೆಯುವುದು ನನ್ನೊಬ್ಬನನ್ನೇ. “ಸಾಕು ಮಗಾ, ಬಿಡ್ಸೋ” ಎನ್ನುತ್ತಾರೆ.

ಇದನ್ನೆಲ್ಲ ನಂಬದವನಾದರೆ ಬಿಡಿಸಲು ನನಗೇನು ಅಡ್ಡಿ? ನಂಬಿದವನಾದರೆ ಅವರನ್ನು ಹೀಗೆ ನರಳಿಸುತ್ತಿರುವವನು ನಾನೇ. ಎರಡರಲ್ಲಿ ಯಾವುದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಸಾಲದ್ದಕ್ಕೆ, ಆ ಗಂಟು ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಅದನ್ನೂ ಅತ್ತೆಯೇ ಹೇಳಿಕೊಟ್ಟಿದ್ದರು.